ರೋಮನ್ ಚಿನ್ನದ ನಾಣ್ಯ: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಚಿನ್ನದ ಬೆಲೆ ಏರುತ್ತಲೇ ಇರುವುದರಿಂದ ಒಡವೆ, ಬಿಸ್ಕತ್ತುಗಳ ಜೊತೆಗೆ ಹಳೆಯ ಚಿನ್ನದ ನಾಣ್ಯಗಳ ಮೇಲೂ ಜನರ ಕಣ್ಣು ಬಿದ್ದಿದೆ. ಲಂಡನ್, ಜ್ಯೂರಿಕ್, ನ್ಯೂಯಾರ್ಕ್‌ಗಳ ಹರಾಜನ್ನು ಈಗ ಫೋನಿನಲ್ಲೇ ನೋಡಬಹುದು. ಅಲ್ಲಿ ನೀರೋ, ಟ್ರಾಜನ್, ಹೇಡ್ರಿಯನ್‌ರಂಥ ಚಕ್ರವರ್ತಿಗಳ ಮುಖವಿರುವ ನಾಣ್ಯಗಳು ತಿಂಗಳು ತಿಂಗಳೂ ಮಾರಾಟಕ್ಕೆ ಬರುತ್ತವೆ. ಇತ್ತ ನಮ್ಮೂರಲ್ಲಿ "ಮನೆ ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡ್ತೀವಿ" ಎನ್ನುವ ಫೋನ್ ಕರೆಗಳೂ ನಿಂತಿಲ್ಲ. ಇವೆರಡಕ್ಕೂ ಸಂಬಂಧವಿಲ್ಲ. ಆದರೆ ವಿಷಯ ಗೊತ್ತಿಲ್ಲದವರು ಎರಡರಲ್ಲೂ ದುಡ್ಡು ಕಳೆದುಕೊಳ್ಳುತ್ತಾರೆ.

ಟ್ರಾಜನ್‌ನ ಒಂದು ಚಿನ್ನದ ನಾಣ್ಯದಲ್ಲಿರುವುದು ಏಳು ಗ್ರಾಂಗಿಂತ ಸ್ವಲ್ಪ ಹೆಚ್ಚು ಚಿನ್ನ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದು ಆ ಚಿನ್ನದ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗುತ್ತದೆ. ಹೆಚ್ಚುವರಿ ಹಣ ಹೋಗುವುದು ಮೂರು ಸಂಗತಿಗೆ: ನಾಣ್ಯ ಅಸಲಿಯೇ, ಯಾವ ಸ್ಥಿತಿಯಲ್ಲಿದೆ, ಇಷ್ಟು ವರ್ಷ ಯಾರ ಕೈಯಲ್ಲಿತ್ತು. ಮೂರರಲ್ಲಿ ಒಂದು ತಪ್ಪಿದರೂ ಕೈಯಲ್ಲಿ ಉಳಿಯುವುದು ಬರೀ ಲೋಹ. ಕೆಲವೊಮ್ಮೆ ಅದನ್ನು ಕಾನೂನುಬದ್ಧವಾಗಿ ಮಾರಲೂ ಆಗುವುದಿಲ್ಲ.

ಔರಿಯಸ್ ಮತ್ತು ಸಾಲಿಡಸ್

ರೋಮನ್ ಚಕ್ರಾಧಿಪತ್ಯದ ಚಿನ್ನದ ನಾಣ್ಯಗಳಲ್ಲಿ ಮುಖ್ಯವಾದವು ಎರಡು. ಮೊದಲ ಮೂರು ಶತಮಾನ ಚಲಾವಣೆಯಲ್ಲಿದ್ದದ್ದು ಔರಿಯಸ್. ನಾಲ್ಕನೇ ಶತಮಾನದಿಂದ ಅದರ ಜಾಗಕ್ಕೆ ಬಂದದ್ದು ಸಾಲಿಡಸ್. ಔರಿಯಸ್ ದಪ್ಪ, ಸುಮಾರು 18ರಿಂದ 20 ಮಿ.ಮೀ. ಅಗಲ. ಸಾಲಿಡಸ್ ತೆಳು, ಅಗಲ ಒಂದಿಷ್ಟು ಹೆಚ್ಚು. ಒಂದು ಔರಿಯಸ್‌ಗೆ 25 ಬೆಳ್ಳಿಯ ಡಿನೇರಿಯಸ್‌ಗಳು. ಅಗಸ್ಟಸ್‌ನ ಕಾಲದಲ್ಲಿ ಕಾಲಾಳು ಸಿಪಾಯಿಯ ವರ್ಷದ ಸಂಬಳ 225 ಡಿನೇರಿಯಸ್, ಅಂದರೆ ಒಂಬತ್ತು ಔರಿಯಸ್. ಪೇಟೆಯಲ್ಲಿ ತರಕಾರಿ ಕೊಳ್ಳಲು ಬಳಸುವ ನಾಣ್ಯ ಇದಲ್ಲ. ಸಂಬಳದ ಗಂಟು, ಭೂಮಿ ವ್ಯವಹಾರ, ದೂರದ ವ್ಯಾಪಾರಕ್ಕೆ ಬಳಕೆಯಾದದ್ದು. ಹಾಗಾಗಿ ಇಂದಿಗೂ ಅಷ್ಟೇನೂ ಸವೆಯದ ಔರಿಯಸ್‌ಗಳು ಸಿಗುತ್ತವೆ.

ತೂಕದ ಇತಿಹಾಸ ಸಂಗ್ರಹಕಾರನಿಗೆ ಬಾಯಿಪಾಠವಾಗಿರಬೇಕು. ರೋಮನ್ನರು ತಮ್ಮ ಒಂದು ಪೌಂಡ್ ಚಿನ್ನದಿಂದ, ಅಂದರೆ ಸುಮಾರು 325 ಗ್ರಾಂನಿಂದ, ಎಷ್ಟು ನಾಣ್ಯ ಹೊಡೆಯಬೇಕೆಂದು ಗೊತ್ತುಮಾಡುತ್ತಿದ್ದರು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ದೊಡ್ಡ ಪ್ರಮಾಣದಲ್ಲಿ ಹೊರಡಿಸಿದಾಗ ಪೌಂಡಿಗೆ 40, ಅಂದರೆ ನಾಣ್ಯಕ್ಕೆ ಸುಮಾರು 8 ಗ್ರಾಂ. ಕ್ರಿ.ಶ. 64ರಲ್ಲಿ ನೀರೋ ಅದನ್ನು 45ಕ್ಕೆ ಏರಿಸಿದ, ತೂಕ ಸುಮಾರು 7.3 ಗ್ರಾಂಗೆ ಇಳಿಯಿತು. 215ರ ಸುಮಾರಿಗೆ ಕ್ಯಾರಕಲ್ಲಾ ಅದನ್ನು 50 ಮಾಡಿದ, ತೂಕ 6.5 ಗ್ರಾಂ ಆಯಿತು. ಮೂರನೇ ಶತಮಾನದ ಗೊಂದಲದಲ್ಲಿ ತೂಕಕ್ಕೆ ಹಿಡಿತವೇ ಇರಲಿಲ್ಲ. ಡಯೊಕ್ಲೀಷಿಯನ್ ಪೌಂಡಿಗೆ 60ರ ಲೆಕ್ಕಕ್ಕೆ ತಂದು ನಿಲ್ಲಿಸಿದ. ಕಾನ್‌ಸ್ಟಂಟೈನ್ ಸುಮಾರು 310ರಲ್ಲಿ ಪೌಂಡಿಗೆ 72ರಂತೆ ಸಾಲಿಡಸ್ ಹೊರಡಿಸಿದ, ತೂಕ 4.5 ಗ್ರಾಂ. ಈ ತೂಕ, ಈ ಶುದ್ಧತೆ ಪೂರ್ವ ರೋಮನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹನ್ನೊಂದನೇ ಶತಮಾನದವರೆಗೆ, ಸುಮಾರು 700 ವರ್ಷ ಹೆಚ್ಚುಕಡಿಮೆ ಹಾಗೇ ನಡೆಯಿತು. ಜಗತ್ತಿನ ಹಣದ ಚರಿತ್ರೆಯಲ್ಲಿ ಇಷ್ಟು ದೀರ್ಘವಾಗಿ ಮಾತಿಗೆ ತಪ್ಪದ ನಾಣ್ಯ ಬಲು ವಿರಳ.

ಇದರ ಉಪಯೋಗ ನೇರವಾದದ್ದು. ಯಾರಾದರೂ 6.4 ಗ್ರಾಂ ತೂಗುವ "ಟ್ರಾಜನ್ ಔರಿಯಸ್" ತೋರಿಸಿದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ಟ್ರಾಜನ್‌ನ ಕಾಲದಲ್ಲಿ ಆ ತೂಕವಿರಲಿಲ್ಲ. ಒಂದೋ ಅದು ನಕಲಿ, ಇಲ್ಲವೇ ಅಂಚು ಕೆತ್ತಿ ಚಿನ್ನ ತೆಗೆದದ್ದು.

ನಮ್ಮ ನೆಲಕ್ಕೆ ಬಂದ ನಾಣ್ಯಗಳು

ಮೆಣಸು, ಮುತ್ತು, ರತ್ನ, ಹತ್ತಿಬಟ್ಟೆಗೆ ಪ್ರತಿಯಾಗಿ ರೋಮ್‌ನ ಚಿನ್ನ-ಬೆಳ್ಳಿ ದಕ್ಷಿಣ ಭಾರತಕ್ಕೆ ಹರಿದುಬಂತು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತಿದೆ ಎಂದು ಮೊದಲ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ದೂರಿದ್ದ. ನೂರು ಸೆಸ್ಟರ್ಸ್‌ಗೆ ಒಂದು ಔರಿಯಸ್, ಹಾಗಾಗಿ ಅದು ಐದು ಲಕ್ಷ ಔರಿಯಸ್. ಕರ್ನಾಟಕದಲ್ಲಿ ಯಶವಂತಪುರ, ಚಂದ್ರವಳ್ಳಿಗಳಲ್ಲಿ ಸಿಕ್ಕಿದ್ದು ಬೆಳ್ಳಿಯ ಡಿನೇರಿಯಸ್‌ಗಳು. ಚಿನ್ನದ ದೊಡ್ಡ ನಿಧಿ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನದು. ಅದರಲ್ಲಿ ಐದು, ಆರನೇ ಶತಮಾನದ ಸಾಲಿಡಸ್‌ಗಳಿದ್ದವು, ಜೊತೆಗೆ ಅವುಗಳನ್ನು ನೋಡಿ ಇಲ್ಲಿಯೇ ಮಾಡಿದ ಅನುಕರಣೆಗಳೂ ಇದ್ದವು.

ತಮಿಳುನಾಡಿನ ಪುದುಕೋಟೆ ಸೀಮೆಯಲ್ಲಿ 1898ರಲ್ಲಿ ಸಿಕ್ಕ 501 ಔರಿಯಸ್‌ಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಹೊಡೆದ ಕಚ್ಚಿದೆ. ಇನ್ನು ನಾಣ್ಯವಾಗಿ ಚಲಾಯಿಸದೆ ಚಿನ್ನವಾಗಿ ಮಾತ್ರ ತೂಗಬೇಕು ಎಂಬ ಗುರುತು ಇದಿರಬಹುದು ಎಂದು ಹಲವು ವಿದ್ವಾಂಸರು ಅರ್ಥೈಸುತ್ತಾರೆ. ಸಾಲಿಡಸ್‌ಗಳಲ್ಲಾದರೆ ತಲೆಯ ಮೇಲ್ಭಾಗದಲ್ಲಿ ಒಂದೋ ಎರಡೋ ತೂತು ಕಾಣುತ್ತವೆ, ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡ ಗುರುತು. ಕಾಸಿನ ಸರದ ರೂಢಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೂರೋಪಿನ ಹರಾಜಿನಲ್ಲಿ ಇಂಥ ಕಚ್ಚು, ತೂತುಗಳಿರುವ ನಾಣ್ಯ ಕಂಡರೆ ಅದು ಭಾರತದಿಂದ ಹೋದದ್ದಿರಬಹುದು ಎಂಬ ಅನುಮಾನ ಬರಬೇಕು. ಯಾವಾಗ, ಹೇಗೆ ಹೋಯಿತು ಎಂದು ಕೇಳಬೇಕು.

ಒಂದು ನಾಣ್ಯವನ್ನು ಓದುವುದು

ಅಕ್ಷರ ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಟ್ರಾಜನ್‌ನ ಒಂದು ಸಾಮಾನ್ಯ ಔರಿಯಸ್ ತೆಗೆದುಕೊಳ್ಳೋಣ. ಮುಮ್ಮುಖದಲ್ಲಿ ಬಲಕ್ಕೆ ತಿರುಗಿದ, ಎಲೆಯ ಕಿರೀಟ ತೊಟ್ಟ ತಲೆ. ಬರಹ ಎಡಗಡೆ ಕೆಳಗಿನಿಂದ ಶುರುವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಯು ಅಕ್ಷರದ ಬದಲು ವಿ ಇರುತ್ತದೆ, ಮುಕ್ಕಾಲು ಪಾಲು ಸಂಕ್ಷೇಪಗಳೇ.

ಐಎಂಪಿ ಎಂದರೆ ಇಂಪರೇಟರ್, ಸೇನೆಯ ಒಡೆಯ. ನಂತರ ಟ್ರಾಯಾನೋ ಎಂಬ ಹೆಸರು. ಎವಿಜಿ ಎಂದರೆ ಅಗಸ್ಟಸ್ ಎಂಬ ಬಿರುದು. ಜಿಇಆರ್, ಡಿಎಸಿ ಎಂದರೆ ಜರ್ಮನರನ್ನೂ, ಇಂದಿನ ರೊಮೇನಿಯಾ ಸೀಮೆಯ ಡೇಸಿಯನ್ನರನ್ನೂ ಗೆದ್ದವನು. ಪಿಎಂ ಎಂದರೆ ಪ್ರಧಾನ ಪುರೋಹಿತ. ಟಿಆರ್‌ಪಿ ಎಂದರೆ ಜನಪ್ರತಿನಿಧಿಯ ಅಧಿಕಾರವುಳ್ಳವನು. ಹಿಮ್ಮುಖದಲ್ಲಿ ಸಿಒಎಸ್ ವಿ ಎಂದಿದ್ದರೆ ಐದನೇ ಬಾರಿ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿ, ಆದವನು (ಇಲ್ಲಿ ವಿ ಎಂದರೆ ಐದು), ಪಿಪಿ ಎಂದರೆ ದೇಶದ ಪಿತ. ಕೊನೆಯಲ್ಲಿ ಎಸ್‌ಪಿಕ್ಯೂಆರ್ ಆಪ್ಟಿಮೋ ಪ್ರಿಂಕ್: ಸೆನೆಟ್ ಮತ್ತು ರೋಮನ್ ಜನತೆಯಿಂದ ಅತ್ಯುತ್ತಮ ಪ್ರಭುವಿಗೆ.

ಈ ಬಿರುದುಗಳಲ್ಲೇ ನಾಣ್ಯದ ಕಾಲ ಅಡಗಿದೆ. ಟ್ರಾಜನ್ ಐದನೇ ಸಲ ಕಾನ್ಸಲ್ ಆದದ್ದು 103ರಲ್ಲಿ, ಆರನೇ ಸಲ 112ರಲ್ಲಿ. ಹಾಗಾಗಿ ಈ ನಾಣ್ಯ 103ರಿಂದ 111ರ ನಡುವಿನದು. ಬೇರೆ ಕೆಲವು ಚಕ್ರವರ್ತಿಗಳ ನಾಣ್ಯದಲ್ಲಿ ಟಿಆರ್‌ಪಿ ಮುಂದೆ ಅಂಕಿಯೂ ಇರುತ್ತದೆ. ಆ ಅಧಿಕಾರ ವರ್ಷವರ್ಷವೂ ನವೀಕರಣವಾಗುತ್ತಿದ್ದರಿಂದ ನಾಣ್ಯ ಹೊಡೆದ ವರ್ಷವೇ ಸಿಕ್ಕಿಬಿಡುತ್ತದೆ. ಬರಹ, ತಲೆಯ ದಿಕ್ಕು, ಹಿಂಬದಿಯ ಚಿತ್ರ ಗೊತ್ತಾದ ಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಓಸಿಆರ್‌ಇ ಎಂಬ ಉಚಿತ ಜಾಲತಾಣದಲ್ಲಿ ಹುಡುಕಿದರೆ ಆ ಮಾದರಿಗೆ ರೋಮನ್ ನಾಣ್ಯಗಳ ಪ್ರಮಾಣಗ್ರಂಥವೊಂದು ಕೊಟ್ಟಿರುವ ಆರ್‌ಐಸಿ ಸಂಖ್ಯೆ ಸಿಗುತ್ತದೆ. ಮಾರುವವರು ಕೊಡುವ ಸಂಖ್ಯೆ ಇದಕ್ಕೆ ತಾಳೆಯಾಗಬೇಕು. ಆಗದಿದ್ದರೆ ಮಾರುವವರಿಗೆ ತಮ್ಮ ಸರಕೇ ಗೊತ್ತಿಲ್ಲ ಎಂದರ್ಥ.

ಸ್ಥಿತಿಯನ್ನು ಅಳೆಯುವುದು ಹೇಗೆ

ಈ ನಾಣ್ಯಗಳು ಯಂತ್ರದಲ್ಲಿ ಆದವಲ್ಲ. ಕೈಯಲ್ಲಿ ಕೆತ್ತಿದ ಕೆಳ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ತೂಕ ಸರಿಮಾಡಿದ ಚಿನ್ನದ ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆತ ಸ್ವಲ್ಪ ಸರಿದರೆ ಚಿತ್ರ ಒಂದು ಬದಿಗೆ ಹೋಗುತ್ತದೆ, ಬರಹದ ಎರಡಕ್ಷರ ಅಂಚಿನಾಚೆ ಬೀಳುತ್ತದೆ. ಅಚ್ಚು ಹಳತಾದರೆ ಗೆರೆಗಳು ಮಸುಕಾಗುತ್ತವೆ. ಆದ್ದರಿಂದ ಸವೆತ ಬೇರೆ, ಹೊಡೆತದ ದೋಷ ಬೇರೆ. ಪ್ರಮಾಣೀಕರಣ ಸಂಸ್ಥೆ ಎನ್‌ಜಿಸಿ ಒಟ್ಟು ದರ್ಜೆಯ ಜೊತೆಗೆ ಹೊಡೆತಕ್ಕೆ ಐದರಲ್ಲಿ ಇಷ್ಟು, ಮೇಲ್ಮೈಗೆ ಐದರಲ್ಲಿ ಇಷ್ಟು ಎಂದು ಪ್ರತ್ಯೇಕ ಅಂಕ ಕೊಡುವುದು ಇದೇ ಕಾರಣಕ್ಕೆ.

ಸವೆತವನ್ನು ಉಬ್ಬಿದ ಜಾಗಗಳಲ್ಲಿ ನೋಡಬೇಕು: ಕಿವಿಯ ಮೇಲಿನ ಕೂದಲು, ಕಿರೀಟದ ಎಲೆಗಳು, ಕೆನ್ನೆಯ ಮೂಳೆ, ಹಿಂಬದಿಯ ಮೂರ್ತಿಯ ಮೊಣಕಾಲು. ಕೂದಲಿನ ಎಳೆಗಳು ಬೇರೆಬೇರೆಯಾಗಿ ಕಂಡರೆ ಉತ್ತಮ ಸ್ಥಿತಿ. ಒಂದೇ ಮುದ್ದೆಯಾಗಿದ್ದರೆ ಸಾಧಾರಣ.

ಬೆಲೆಯನ್ನು ಇದಕ್ಕಿಂತ ಜೋರಾಗಿ ಕೆಡವುವುದು ಒಡವೆಯಾಗಿದ್ದ ಗುರುತು. ಅಂಚಿನಲ್ಲಿ ಎದುರುಬದುರಾಗಿ ಬೆಸುಗೆಯ ಉಂಡೆ, ಅರ ಉಜ್ಜಿದ ಗೆರೆ, ತೂತು ಮುಚ್ಚಿದ ಜಾಗದಲ್ಲಿ ಬಣ್ಣದ ವ್ಯತ್ಯಾಸ, ಪಾಲಿಶ್ ಮಾಡಿದ ಕನ್ನಡಿಯಂಥ ಹೊಳಪು, ಇವೆಲ್ಲ ಅದರ ಸುಳಿವುಗಳು. ಮುಂದಿನ, ಹಿಂದಿನ ಫೋಟೋ ಮಾತ್ರ ಹಾಕಿದ್ದರೆ ಅಂಚಿನ ಫೋಟೋ ಕೇಳಿಯೇ ತೀರಬೇಕು.

ನಕಲಿಯನ್ನು ಹಿಡಿಯುವುದು

ಪಾಯ ತೋಡುವಾಗ ಸಿಕ್ಕಿತು ಎನ್ನುವ ಮೋಸದ ರೀತಿ ಸರಳ. ಪರೀಕ್ಷೆಗೆಂದು ಮೊದಲು ಕೊಡುವ ಒಂದೆರಡು ತುಣುಕು ನಿಜವಾದ ಚಿನ್ನವೇ. ಅಕ್ಕಸಾಲಿಗ ಒರೆಗೆ ಹಚ್ಚಿ ಹೌದು ಎನ್ನುತ್ತಾನೆ. ದುಡ್ಡು ಕೊಟ್ಟ ಮೇಲೆ ಕೈಗೆ ಬರುವ ಗಂಟಿನಲ್ಲಿರುವುದು ಹಿತ್ತಾಳೆ. ಇದಕ್ಕೆ ನಾಣ್ಯಶಾಸ್ತ್ರ ಬೇಕಿಲ್ಲ. ಮಾತು ಬೆಳೆಸದೆ ಪೊಲೀಸರಿಗೆ ತಿಳಿಸಿದರೆ ಸಾಕು.

ಕಷ್ಟವಾಗುವುದು ಸಂಗ್ರಹಕಾರರಿಗಾಗಿಯೇ ಮಾಡಿದ ನಕಲಿಗಳು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ 1800ರ ದಶಕಗಳಲ್ಲೇ ತಾನೇ ಅಚ್ಚು ಕೆತ್ತಿ ಪ್ರಾಚೀನ ನಾಣ್ಯಗಳನ್ನು ಹೊಡೆಯುತ್ತಿದ್ದ. ಹೊಸದೆಂದು ಕಾಣದಿರಲಿ ಎಂದು ಅವನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಡಬ್ಬಿಯಲ್ಲಿ ಹಾಕಿ ಕುದುರೆಗಾಡಿಯಲ್ಲಿ ಕುಲುಕುತ್ತಾ ಕೊಂಡೊಯ್ಯುತ್ತಿದ್ದ.

ಇಂದಿನ ನಕಲಿಗಳಲ್ಲಿ ಎರಡು ಬಗೆ ಮುಖ್ಯ. ಎರಕದ ನಕಲಿಯಲ್ಲಿ ಅಸಲಿಯಿಂದ ಅಚ್ಚು ತೆಗೆದು ಕರಗಿದ ಲೋಹ ಸುರಿಯುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ನೋಡಿದರೆ ಅಕ್ಷರಗಳ ಬುಡ ಚೂಪಾಗಿರದೆ ಸಾಬೂನಿನಂತೆ ದುಂಡಗಿರುತ್ತದೆ, ಸಮತಟ್ಟು ಜಾಗದಲ್ಲಿ ಸಣ್ಣ ಗುಳಿಗಳಿರುತ್ತವೆ, ಅಂಚಿನ ಸುತ್ತ ಜೋಡಣೆಯ ಗೆರೆಯೋ, ಅದನ್ನು ಉಜ್ಜಿ ಅಳಿಸಿದ ಗುರುತೋ ಕಾಣುತ್ತದೆ. ಎರಡನೆಯ ಬಗೆಯಲ್ಲಿ ಅಸಲಿ ನಾಣ್ಯದಿಂದಲೇ ಉಕ್ಕಿನ ಅಚ್ಚು ತಯಾರಿಸಿ ಹೊಸದಾಗಿ ಒತ್ತುತ್ತಾರೆ. ಇವು ಬಹಳ ಚೆನ್ನಾಗಿರುತ್ತವೆ. ಆದರೆ ಮೂಲ ನಾಣ್ಯದ ಮೇಲಿದ್ದ ಗೀರು, ಪೆಟ್ಟು ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿ ಬರುತ್ತವೆ. ಸುತ್ತಿಗೆ ಹೊಡೆತದ ಎರಡು ಅಸಲಿ ನಾಣ್ಯಗಳ ಅಚ್ಚು ಒಂದೇ ಇರಬಹುದು, ಗೀರು ಒಂದೇ ಇರಲಾರದು. ಹಾಗಾಗಿ ಕೊಳ್ಳುವ ಮುನ್ನ ಹಳೆಯ ಹರಾಜುಗಳ ಚಿತ್ರಸಂಗ್ರಹದಲ್ಲಿ, ಉದಾಹರಣೆಗೆ ಎಸಿಸರ್ಚ್‌ನಲ್ಲಿ, ಅದೇ ಮಾದರಿಯ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸಾಂದ್ರತೆಯದು. 0.001 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ, 7.250 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಲೋಟ ಶುದ್ಧ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೈಲಾನ್ ದಾರದ ಕುಣಿಕೆಯಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಅದು 0.385 ಬಂದರೆ, 7.250 ಭಾಗಿಸು 0.385, ಉತ್ತರ 18.83. ಅಪ್ಪಟ ಚಿನ್ನದ ಸಾಂದ್ರತೆ 19.3. ಆರಂಭದ ಶತಮಾನಗಳ ಔರಿಯಸ್ ಶೇಕಡಾ 98-99ರಷ್ಟು ಚಿನ್ನವಾದ್ದರಿಂದ 18.8ರ ಆಸುಪಾಸಿನಿಂದ ಮೇಲಕ್ಕೆ ಇರಬೇಕು. 22 ಕ್ಯಾರಟ್‌ನಲ್ಲಿ ಮಾಡಿದ ನಕಲಿ 18ರ ಕೆಳಗೇ ಉಳಿಯುತ್ತದೆ. ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಅಂಟಿಕೊಂಡರೆ ಸಾಂದ್ರತೆ ತಪ್ಪಾಗಿ ಕಡಿಮೆ ಬರುತ್ತದೆ, ಆದ್ದರಿಂದ ದಾರವನ್ನು ಮೆಲ್ಲಗೆ ಅಲ್ಲಾಡಿಸಿ ಮೂರು ಸಲ ಅಳೆಯಿರಿ. 0.01 ಗ್ರಾಂ ತಕ್ಕಡಿ ಈ ಕೆಲಸಕ್ಕೆ ಸಾಲದು: 0.38ಕ್ಕೂ 0.39ಕ್ಕೂ ನಡುವೆ ಉತ್ತರ 19.08ರಿಂದ 18.59ಕ್ಕೆ ಜಿಗಿಯುತ್ತದೆ.

ಈ ಪರೀಕ್ಷೆಯ ಮಿತಿಯೂ ನೆನಪಿರಲಿ. ಶುದ್ಧ ಚಿನ್ನದಲ್ಲೇ ಮಾಡಿದ ನಕಲಿ ಇದರಲ್ಲಿ ಪಾಸಾಗುತ್ತದೆ. ಇದು ಲೋಹವನ್ನು ಹೇಳುತ್ತದೆ, ವಯಸ್ಸನ್ನಲ್ಲ. ಒರೆಗಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ. ಆ ಒಂದು ಗೀರು ಶಾಶ್ವತ ನಷ್ಟ.

ಕಾಗದಪತ್ರವೇ ಅರ್ಧ ಬೆಲೆ

ಸೈಟು ಕೊಳ್ಳುವಾಗ ಮೂಲಪತ್ರ, ಇಸಿ ಕೇಳದೆ ಯಾರೂ ಮುಂಗಡ ಕೊಡುವುದಿಲ್ಲ. ಪ್ರಾಚೀನ ನಾಣ್ಯದಲ್ಲಿ ಅದೇ ಸ್ಥಾನ ಅದರ ಹಿಂದಿನ ಒಡೆತನದ ದಾಖಲೆಗೆ: ಯಾವ ಸಂಗ್ರಹದಲ್ಲಿತ್ತು, ಯಾವ ವರ್ಷದ ಯಾವ ಹರಾಜಿನಲ್ಲಿ ಎಷ್ಟನೇ ಸಂಖ್ಯೆಯಾಗಿ ಮಾರಾಟವಾಯಿತು.

2020ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಸೀಸರ್‌ನ ಹಂತಕರಲ್ಲಿ ಒಬ್ಬನಾದ ಬ್ರೂಟಸ್‌ನ ಔರಿಯಸ್ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಸೀಸರ್‌ನ ಹತ್ಯೆಯ ದಿನವನ್ನು ಎರಡು ಕಠಾರಿಗಳ ಚಿತ್ರದ ಕೆಳಗೆ ಕೆತ್ತಿಸಿದ, ಚಿನ್ನದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ನಾಣ್ಯ ಅದು. ಕಟ್ಟುನಿಟ್ಟಾಗಿ ಹೇಳಿದರೆ ಚಕ್ರಾಧಿಪತ್ಯಕ್ಕೂ ಸ್ವಲ್ಪ ಮುಂಚಿನದು. ಅದರ ಒಡೆತನದ ಇತಿಹಾಸ ಕಟ್ಟುಕಥೆ ಎಂದು ತನಿಖೆಯಲ್ಲಿ ಹೊರಬಿತ್ತು, ಹರಾಜು ಸಂಸ್ಥೆಯ ಮುಖ್ಯಸ್ಥನ ಬಂಧನವಾಯಿತು, 2023ರಲ್ಲಿ ನಾಣ್ಯ ಗ್ರೀಸ್‌ಗೆ ಮರಳಿತು. ನಾಣ್ಯ ಅಸಲಿಯಾಗಿದ್ದೂ ಕೊಂಡವರ ಕೈಯಲ್ಲಿ ಉಳಿಯಲಿಲ್ಲ.

"ಹಳೆಯ ಸ್ವಿಸ್ ಸಂಗ್ರಹದಿಂದ" ಎಂಬ ಒಂದು ಸಾಲು ದಾಖಲೆಯಲ್ಲ. ಹರಾಜಿನ ಹೆಸರು, ದಿನಾಂಕ, ಸಂಖ್ಯೆ ಇದ್ದರೆ ಆ ಹಳೆಯ ಕ್ಯಾಟಲಾಗಿನ ಚಿತ್ರ ಹುಡುಕಿ ನಿಮ್ಮ ಮುಂದಿರುವ ನಾಣ್ಯದ ಅಂಚಿನ ಆಕಾರವನ್ನು ಅದರ ಜೊತೆ ಹೋಲಿಸಿ. ಸುತ್ತಿಗೆಯಲ್ಲಿ ಹೊಡೆದ ಬಿಲ್ಲೆಯ ಅಂಚು ಒಂದರಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ಅದೇ ನಾಣ್ಯವೋ ಅಲ್ಲವೋ ಖಚಿತವಾಗುತ್ತದೆ.

ಎಲ್ಲಿಂದ ಶುರು, ಎಷ್ಟು ಖರ್ಚು

ಹೊಸಬರಿಗೆ ಒಳ್ಳೆಯ ಆರಂಭ ಐದನೇ ಶತಮಾನದ ಸಾಲಿಡಸ್. ಹೊನೋರಿಯಸ್, ಎರಡನೇ ಥಿಯೊಡೋಸಿಯಸ್‌ರ ನಾಣ್ಯಗಳು ಹೇರಳವಾಗಿವೆ, ಔರಿಯಸ್‌ಗಿಂತ ಅಗ್ಗ. ಔರಿಯಸ್ಸೇ ಬೇಕೆಂದರೆ ನೀರೋ, ವೆಸ್ಪೇಷಿಯನ್, ಆಂಟೋನಿನಸ್ ಪಯಸ್ ಹೆಚ್ಚಾಗಿ ಸಿಗುವವರು. ಕೆಲವೇ ತಿಂಗಳು ಆಳಿದವರ ಚಿನ್ನಕ್ಕೆ ಬೆಲೆ ವಿಪರೀತ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯದಲ್ಲ. ಅದರ ಮೇಲೆ ಖರೀದಿದಾರರ ಶುಲ್ಕ ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು. 4,000 ಯೂರೋಗೆ ಕೂಗು ನಿಂತರೆ ಬಿಲ್ಲು 4,800. ಸಾಗಣೆ, ವಿಮೆ, ಸುಂಕ, ಜಿಎಸ್‌ಟಿ ಬೇರೆ. ಹರಾಜಿಗೆ ಕೂರುವ ಮೊದಲೇ ಇವೆಲ್ಲ ಸೇರಿಸಿ ಗರಿಷ್ಠ ಮೊತ್ತ ಬರೆದಿಟ್ಟುಕೊಳ್ಳಿ. ಸರಕುಪಟ್ಟಿಯಲ್ಲಿ ಬರೀ "ಗೋಲ್ಡ್ ಕಾಯಿನ್" ಎಂದು ಬರೆದರೆ ಕಸ್ಟಮ್ಸ್‌ನಲ್ಲಿ ಸಾಮಾನ್ಯ ಚಿನ್ನದಂತೆ ಕಂಡು ತೊಡಕಾಗಬಹುದು. ಚಕ್ರವರ್ತಿಯ ಹೆಸರು, ಕಾಲ, ಸಂಗ್ರಹಯೋಗ್ಯ ಪ್ರಾಚೀನ ನಾಣ್ಯ ಎಂಬ ವಿವರ ಇರುವಂತೆ ನೋಡಿಕೊಳ್ಳಿ.

ಕಾನೂನು

1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಪ್ರಾಚೀನ ವಸ್ತು ಎಂದು ಪರಿಗಣಿಸುತ್ತದೆ. ಅಂಥದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಬ್ರಿಟನ್, ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿ ಕೊಂಡ ಔರಿಯಸ್ಸನ್ನು ಊರಿಗೆ ತರುವ ಮುನ್ನ ಇದನ್ನು ಯೋಚಿಸಬೇಕು. ತಂದ ಮೇಲೆ ವಾಪಸ್ ಒಯ್ಯುವುದು ಸುಲಭವಲ್ಲ. ಹೊರದೇಶದಿಂದ ತರಿಸುವಾಗ ಆ ದೇಶದ ರಫ್ತು ಪರವಾನಗಿ ಬೇಕೇ ಎಂದೂ ಕೇಳಬೇಕು, ಇಟಲಿ ಈ ವಿಷಯದಲ್ಲಿ ಬಲು ಬಿಗಿ.

ಹೊಲದಲ್ಲೋ ಪಾಯದಲ್ಲೋ ನಿಜಕ್ಕೂ ನಾಣ್ಯಗಳು ಸಿಕ್ಕರೆ ಅವು ಸಿಕ್ಕವರ ಸ್ವತ್ತಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಡುವುದು ಅಪರಾಧ. ನಾಣ್ಯಗಳಿದ್ದ ಮಡಕೆಯನ್ನೂ ಸುತ್ತಲಿನ ಮಣ್ಣನ್ನೂ ಕದಲಿಸದೆ ಬಿಡಿ. ಯಾವ ನಾಣ್ಯ ಯಾವುದರ ಜೊತೆ, ಎಷ್ಟು ಆಳದಲ್ಲಿತ್ತು ಎಂಬುದರಿಂದಲೇ ಅದನ್ನು ಹೂತ ಕಾಲ ಗೊತ್ತಾಗುವುದು. ತೊಳೆದು, ಹಂಚಿ, ಫೋಟೋ ಹಾಕಿದ ಮೇಲೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಕೊಂಡ ಮೇಲೆ

ಚಿನ್ನ ತುಕ್ಕು ಹಿಡಿಯುವುದಿಲ್ಲ, ಆದರೆ ಮೆದು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು. ಒಡವೆಗೆ ಹಾಕುವ ಅಂಟುವಾಳ, ಹುಣಸೆಹಣ್ಣು, ಟೂತ್‌ಪೇಸ್ಟ್, ಬ್ರಷ್ ಯಾವುದೂ ಬೇಡ. ಸಂದಿಯಲ್ಲಿರುವ ಮಣ್ಣು, ಕೆಂಬಣ್ಣದ ಲೇಪ ಕೊಳೆಯಲ್ಲ, ವಯಸ್ಸಿನ ಸಾಕ್ಷಿ. ಅದನ್ನು ಕಂಡೇ ಹೆಚ್ಚು ಬೆಲೆ ಕೊಡುವವರಿದ್ದಾರೆ. ಬೆರಳಿನ ಜಿಡ್ಡು ಹತ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಕೆಲ ನಿಮಿಷ ಅದ್ದಿಟ್ಟು, ಉಜ್ಜದೆ ಹಾಗೇ ಆರಲು ಬಿಡಿ. ಇದನ್ನು ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ, ಗಾಜಿನ ಬಟ್ಟಲಲ್ಲಿ ಮಾಡಬೇಕು.

ಮೆತ್ತನೆಯ ಪಿವಿಸಿ ಚೀಲಗಳು ಕಾಲಕ್ರಮೇಣ ಅಂಟು ಬಿಡುತ್ತವೆ. ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಚೀಲ ತರಿಸಿಕೊಳ್ಳಿ. ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇರಲಿ: ಚಕ್ರವರ್ತಿ, ಟಂಕಸಾಲೆ, ಕಾಲ, 0.01 ಗ್ರಾಂವರೆಗಿನ ತೂಕ, ಅಗಲ, ಆರ್‌ಐಸಿ ಸಂಖ್ಯೆ, ಯಾರಿಂದ ಯಾವ ದಿನ ಎಷ್ಟಕ್ಕೆ ಕೊಂಡದ್ದು. ಹಿಂದಿನ ಒಡೆಯರ ಕೈಬರಹದ ಹಳೆಯ ಚೀಟಿ ಜೊತೆಗೆ ಬಂದಿದ್ದರೆ ಅದನ್ನು ಎಸೆಯದೆ ಪ್ರತ್ಯೇಕ ಲಕೋಟೆಯಲ್ಲಿಡಿ. ರಸೀದಿಯ ಮತ್ತು ಎರಡೂ ಬದಿ, ಅಂಚಿನ ಫೋಟೋಗಳ ಒಂದು ಪ್ರತಿ ಲಾಕರಿನಿಂದ ಹೊರಗೆ ಬೇರೆಡೆ ಇರಲಿ, ವಿಮೆಗೂ ಕಳವಿನ ದೂರಿಗೂ ಕೇಳುವುದು ಅದನ್ನೇ. ಮನೆಯಲ್ಲಿ ಇನ್ನೊಬ್ಬರಿಗಾದರೂ ಆ ಕಡತ ಎಲ್ಲಿದೆ ಎಂದು ಗೊತ್ತಿರಬೇಕು, ಇಲ್ಲದಿದ್ದರೆ ಮುಂದೊಂದು ದಿನ ಆ ನಾಣ್ಯ ಹಳೇ ಒಡವೆಯ ಜೊತೆ ಕರಗಿಹೋಗುತ್ತದೆ.